ಕೀಲೆಣ್ಣೆಯ ಪಾಠ

ಎತ್ತಿನ ಗಾಡಿಗಳ ಕಾಲದಲ್ಲಿ ಗಾಡಿಯ ಅಡಿಯಲ್ಲಿ ಕೀಲೆಣ್ಣೆಯ ಗೊಟ್ಟವೊಂದು ತೂಗಾಡುತ್ತಿರುವುದು ಸಾಮಾನ್ಯವಾಗಿತ್ತು. ಹಾದಿಯಲ್ಲಿ ಅಚ್ಚು ಕಿರುಗುಟ್ಟತೊಡಗಿದರೆ ಗಾಡಿಯವನು ಗಾಡಿಯನ್ನು ನಿಲ್ಲಿಸಿ, ಗಾಲಿಯನ್ನು ಸರಿಸಿ, ಅಚ್ಚಿಗೆ ಎಣ್ಣೆ ಸವರಿ ಮುಂದೆ ಸಾಗುತ್ತಿದ್ದನು. ಅವನು ಗಾಡಿಯನ್ನು ಶಪಿಸುತ್ತಿರಲಿಲ್ಲ; ಹೊಸ ಗಾಡಿಗಾಗಿ ಹಂಬಲಿಸುತ್ತಲೂ ಇರಲಿಲ್ಲ. ಸದ್ದಿಗೆ ಕಿವಿಗೊಟ್ಟು ಅದರ ಕಾರಣವನ್ನು ಹುಡುಕುವ ಈ ವಿವೇಕವು ಗಾಡಿಯೊಡನೆಯೇ ನಮ್ಮಿಂದ ದೂರವಾಗುತ್ತಿದೆಯೇ ಎಂಬ ಪ್ರಶ್ನೆ ಒಮ್ಮೆ ನನ್ನ ಮುಂದೆ ಬಂದು ನಿಂತಿತು.

ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ದುಮ್ಮವಾಡದಲ್ಲಿ ನನ್ನ ಅಕ್ಕನ ಮನೆಯಿದೆ. ಅಕ್ಕನ ಮಗಳ ಓದಿಗೆಂದು ಮನೆಯವರು ಗಣಕಯಂತ್ರವೊಂದನ್ನು ಕೊಂಡಿದ್ದರು. ಮೂರು ವರ್ಷ ಚೆನ್ನಾಗಿ ನಡೆದ ಅದು, ಒಂದು ಬೇಸಿಗೆಯಲ್ಲಿ ಹಿಟ್ಟಿನ ಗಿರಣಿಯಂತೆ ಗದ್ದಲ ಮಾಡತೊಡಗಿತು. ಕೆಲವೊಮ್ಮೆ ಕೆಲಸದ ನಡುವೆಯೇ ತಾನಾಗಿ ಆರಿಹೋಗುತ್ತಿತ್ತು. ಅದನ್ನು ಕಂಡ ವ್ಯಾಪಾರಿಯೊಬ್ಬರು, “ಇದರ ಆಯುಷ್ಯ ಮುಗಿಯಿತು, ಹೊಸದನ್ನು ಕೊಳ್ಳಿರಿ” ಎಂದುಬಿಟ್ಟರು. ಭಾವನವರು ಮುಂಗಾರಿನ ಬೀಜಕ್ಕೆಂದು ತೆಗೆದಿರಿಸಿದ್ದ ಹಣಕ್ಕೆ ಕೈಹಾಕುವ ಯೋಚನೆಯಲ್ಲಿದ್ದಾಗ ನಾನು ಅಲ್ಲಿಗೆ ಹೋದೆನು. ಜಗಲಿಯ ಮೇಲೆ ಕುಳಿತಿದ್ದ ಅವರ ತಂದೆ, “ಗಾಡಿ ಕಿರಗುಟ್ಟಿತಂತ ಯಾರರ ಎತ್ತು ಮಾರ್ತಾರೇನು? ಮೊದಲ ಅದನ್ನ ಬಿಚ್ಚಿ ನೋಡ್ರೆಪಾ” ಎಂದರು. ಗಣಕಯಂತ್ರವನ್ನು ಎಂದೂ ಮುಟ್ಟದ ಹಿರಿಯರ ಆ ಮಾತಿನಲ್ಲಿ ಯಂತ್ರಶಾಸ್ತ್ರದ ತಿರುಳೇ ಇತ್ತು.

ಗಣಕಯಂತ್ರವು ಬಳಸುವ ವಿದ್ಯುತ್ತು ಬಹುಮಟ್ಟಿಗೆ ಕೊನೆಯಲ್ಲಿ ಶಾಖವಾಗಿಯೇ ಹೊರಬೀಳುತ್ತದೆ. 1946ರಲ್ಲಿ ಅಮೆರಿಕದಲ್ಲಿ ಲೋಕಾರ್ಪಣೆಗೊಂಡ ‘ಎನಿಯಾಕ್’ ಎಂಬ ಗಣಕದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಅದು ಸುಮಾರು 150 ಕಿಲೋವಾಟ್ ವಿದ್ಯುತ್ತನ್ನು ಬಳಸುತ್ತಿತ್ತು. ಅದನ್ನು ತಣಿಸಲು ದೊಡ್ಡ ದೊಡ್ಡ ಗಾಳಿಯಂತ್ರಗಳೇ ಬೇಕಾಗಿದ್ದವು. ಇಂದು ಮನೆಯ ಮೇಜಿನ ಮೇಲಿನ ಗಣಕದ ಪ್ರೊಸೆಸರು ಅಂಗೈಯೊಳಗೆ ಅಡಗುವಷ್ಟು ಚಿಕ್ಕದು. ಆದರೂ ಶಾಖದ ಕಾಟ ಅದಕ್ಕೆ ತಪ್ಪಿಲ್ಲ. ಅದರ ಮೇಲೆ ಲೋಹದ ತೆಳುಹಾಳೆಗಳ ಗೂಡೊಂದು ಶಾಖವನ್ನು ಹೀರಿಕೊಳ್ಳುತ್ತದೆ. ಪುಟ್ಟ ಫ್ಯಾನು ಆ ಶಾಖವನ್ನು ಗಾಳಿಗೆ ಒಪ್ಪಿಸುತ್ತದೆ. ಧೂಳು ಕಟ್ಟಿ ಗಾಳಿಯ ದಾರಿ ಮುಚ್ಚಿದರೆ ಶಾಖ ಏರುತ್ತದೆ. ಶಾಖ ಏರಿದಂತೆ ಫ್ಯಾನು ಇನ್ನೂ ವೇಗವಾಗಿ ತಿರುಗಿ ಗದ್ದಲ ಮಾಡುತ್ತದೆ. ಅಷ್ಟಕ್ಕೂ ತಣಿಯದಿದ್ದರೆ ಯಂತ್ರವು ತನ್ನನ್ನು ಕಾಪಾಡಿಕೊಳ್ಳಲು ಕೆಲಸವನ್ನು ನಿಧಾನಗೊಳಿಸುತ್ತದೆ, ಕಡೆಗೆ ಆರಿಯೇ ಹೋಗುತ್ತದೆ. ಆದುದರಿಂದ ಸದ್ದು ರೋಗವಲ್ಲ, ರೋಗದ ಲಕ್ಷಣ.

ಸದ್ದುಗಳೆಲ್ಲ ಒಂದೇ ಬಗೆಯವೂ ಅಲ್ಲ. ‘ಟಕಟಕ’ ಎಂದರೆ ಯಾವುದೋ ತಂತಿ ರೆಕ್ಕೆಗೆ ತಗಲುತ್ತಿರಬಹುದು. ‘ಗುಂಯ್’ ಎಂಬ ಮೊರೆತಕ್ಕೆ ಹೆಚ್ಚಾಗಿ ಧೂಳು ಕಾರಣ. ‘ಕಿರಕಿರ’ ಎಂದರೆ ನಡುವಿನ ಬೇರಿಂಗು ಒಣಗಿರಬೇಕು, ಇಲ್ಲವೇ ಸವೆದಿರಬೇಕು. ನಾವು ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಪೆಟ್ಟಿಗೆಯ ಬದಿಯ ತಗಡನ್ನು ಬಿಚ್ಚಿದೆವು. ಗೋವಿನಜೋಳ ಒಕ್ಕುವಾಗ ಎದ್ದ ಧೂಳು, ಒಲೆಯ ಹೊಗೆಯ ಜಿಡ್ಡಿನೊಡನೆ ಬೆರೆತು, ಕಂಬಳಿಯ ತುಂಡಿನಂತೆ ಫ್ಯಾನಿನ ಕೆಳಗೆ ಹಾಸಿಕೊಂಡಿತ್ತು. ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು ಮೆತ್ತನೆಯ ಕುಂಚದಿಂದ ಅದನ್ನೆಲ್ಲ ತೆಗೆದೆವು. ಬಳಿಕ ಬೆರಳಿನಿಂದ ತಿರುಗಿಸಿ ನೋಡಿದರೆ ಕಿರಕಿರ ಸದ್ದು ಇನ್ನೂ ಉಳಿದಿತ್ತು. ನಡುವಿನ ಚೀಟಿಯನ್ನು ಮೆಲ್ಲಗೆ ಎಬ್ಬಿಸಿದಾಗ ಕೆಳಗೆ ಬೇರಿಂಗಿನ ಬಾಯಿ ಕಾಣಿಸಿತು. ಸೊಸೆ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ತಂದು, “ಮಾಮಾ, ಇದು ನಡೀತೈತೇನು?” ಎಂದಳು. ಕೊಬ್ಬರಿ ಎಣ್ಣೆ ಚಳಿಯಲ್ಲಿ ಹೆಪ್ಪುಗಟ್ಟುತ್ತದೆ, ಕಾಲಾಂತರದಲ್ಲಿ ಅಂಟಾಗುತ್ತದೆ ಎಂದು ತಿಳಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೇ ಒಂದು ಹನಿ ಬಿಡಿಸಿದೆನು. ತಗಡನ್ನು ಮುಚ್ಚಿ ಗುಂಡಿಯನ್ನು ಒತ್ತಿದಾಗ, ಅಡುಗೆಮನೆಯಲ್ಲಿ ಅನ್ನ ಕುದಿಯುವ ಸದ್ದು ನಮಗೆ ಕೇಳಿಸಿತು! ಬೀಜದ ಹಣ ಪೆಟ್ಟಿಗೆಯಲ್ಲಿಯೇ ಉಳಿಯಿತು.

ಹೀಗೆಂದು ಎಲ್ಲ ಯಂತ್ರವೂ ಒಂದು ಹನಿ ಎಣ್ಣೆಯಿಂದ ಚಿರಂಜೀವಿಯಾಗುವುದಿಲ್ಲ. ಬೇರಿಂಗು ಪೂರ್ತಿ ಸವೆದಿದ್ದರೆ ಎಣ್ಣೆಯಿಂದ ದೊರೆಯುವುದು ಕೆಲವು ದಿನಗಳ ನೆಮ್ಮದಿ ಮಾತ್ರ; ಆಗ ಅದೇ ಅಳತೆಯ ಹೊಸ ಫ್ಯಾನನ್ನು ಕೂಡಿಸಬೇಕು. ಆದರೆ ಫ್ಯಾನನ್ನು ಬದಲಿಸುವುದು ಬೇರೆ, ಇಡೀ ಗಣಕವನ್ನೇ ಎಸೆಯುವುದು ಬೇರೆ. ಎರಡನೆಯದು ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡಂತೆ. ಧೈರ್ಯಕ್ಕೂ ಎಲ್ಲೆಯಿರಬೇಕು. ಗಣಕಕ್ಕೆ ವಿದ್ಯುತ್ತನ್ನು ಒದಗಿಸುವ ಒಳಗಿನ ಚಿಕ್ಕ ಪೆಟ್ಟಿಗೆಯನ್ನು ನಾವು ಎಂದೂ ಬಿಚ್ಚಬಾರದು. ತಂತಿಯನ್ನು ಕಿತ್ತ ಮೇಲೂ ಅಪಾಯಕರ ವಿದ್ಯುತ್ತು ಅದರಲ್ಲಿ ಉಳಿದಿರಬಲ್ಲದು. ಅದು ನುರಿತವರ ಕೆಲಸ. ಏನನ್ನು ಬಿಚ್ಚಬೇಕೆಂಬುದರ ಜೊತೆಗೆ ಏನನ್ನು ಬಿಚ್ಚಬಾರದೆಂಬುದನ್ನು ಅರಿಯುವುದೂ ವಿದ್ಯೆಯೇ.

ದುರಸ್ತಿಯು ಬಡತನದ ಗುರುತು ಎಂಬ ಭಾವನೆ ನಮ್ಮಲ್ಲಿ ಬೇರೂರುತ್ತಿದೆ. ನನ್ನ ಮಟ್ಟಿಗೆ ಅದು ತಿಳಿವಳಿಕೆಯ ಗುರುತು. 2022ರಲ್ಲಿ ಜಗತ್ತು ಸುಮಾರು 6 ಕೋಟಿ 20 ಲಕ್ಷ ಟನ್ನುಗಳಷ್ಟು ವಿದ್ಯುನ್ಮಾನ ಕಸವನ್ನು ಹೊರಹಾಕಿತೆಂದೂ, ಅದರ ಕಾಲುಭಾಗವೂ ಕ್ರಮವಾದ ಮರುಬಳಕೆಗೆ ಸೇರಿದ ದಾಖಲೆಯಿಲ್ಲವೆಂದೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿ ತಿಳಿಸಿದೆ. ಅದೇ ವರ್ಷ ಭಾರತ ಸರ್ಕಾರವು ಬಳಕೆದಾರರಿಗೆ ದುರಸ್ತಿಯ ಹಕ್ಕನ್ನು ಒದಗಿಸುವ ಬಗೆಗೆ ಸಮಿತಿಯೊಂದನ್ನು ರಚಿಸಿತು. ಹಕ್ಕನ್ನು ಸರ್ಕಾರ ಕೊಡಬಹುದು. ಬಿಚ್ಚಿ ನೋಡುವ ಮನಸ್ಸನ್ನು ನಾವೇ ಬೆಳೆಸಿಕೊಳ್ಳಬೇಕು.

ಇದೇ ಕಲಘಟಗಿಯ ಬಣ್ಣದ ತೊಟ್ಟಿಲುಗಳು ನಾಡಿಗೆಲ್ಲ ಹೆಸರಾದವು. ಅಜ್ಜಿ ತೂಗಿದ ತೊಟ್ಟಿಲಿನಲ್ಲಿ ಮೊಮ್ಮಗನೂ ಮಲಗುವುದುಂಟು. ಅದನ್ನು ಮಾಡಿದವನ ಕೈಚಳಕದಷ್ಟೇ, ಒರೆಸಿ ಕಾಪಾಡಿದವರ ಅಕ್ಕರೆಯೂ ಅದರ ಆಯುಷ್ಯಕ್ಕೆ ಕಾರಣ. ಗಣಕಯಂತ್ರವು ತೊಟ್ಟಿಲಿನಷ್ಟು ಕಾಲ ಬಾಳಲಾರದು, ನಿಜ. ಆದರೆ ಬಾಳುವಷ್ಟು ಕಾಲ ಅದನ್ನು ಬಾಳಿಸುವ ಹೊಣೆ ನಮ್ಮದು. ನಿಮ್ಮ ಮನೆಯ ಯಂತ್ರವೊಂದು ನಾಳೆ ಸದ್ದು ಮಾಡಿದರೆ ಮೊದಲು ಕಿವಿಗೊಡಿರಿ; ಹಿರಿಯರನ್ನು ಜೊತೆಗೆ ಕರೆದು ಕಾರಣವನ್ನು ಹುಡುಕಿರಿ; ಹೊಸದರ ಮಾತು ಆಮೇಲೆ ಬರಲಿ.