ಪ್ರವಾಸಿಗೆಂದು ಬೇರೆ ವೇದಿಕೆ ಬೇಡ



ಚೆನ್ನೈಗೆ ಬರುವ ಪ್ರವಾಸಿಗರಿಗೆ ಸಂಜೆ ಹೊತ್ತು ನೋಡಲು ಏನೂ ಸಿಗುವುದಿಲ್ಲ, ಸರ್ಕಾರವೇ ಒಂದು ಸಭಾಂಗಣ ಕಟ್ಟಿ ದಿನಕ್ಕೊಂದು ಗಂಟೆಯ ‘ಸಾಂಸ್ಕೃತಿಕ ಸಂಜೆ’ ನಡೆಸಬೇಕು ಎಂಬ ಸಲಹೆ ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ಕೇಳಿಬರುತ್ತದೆ. ಹತ್ತು ನಿಮಿಷ ಭರತನಾಟ್ಯ, ಹತ್ತು ನಿಮಿಷ ಕರಗ ಹೊತ್ತು ಕುಣಿಯುವ ಕರಗಾಟ್ಟಂ, ಒಂದಿಷ್ಟು ವೀಣೆ, ಕೊನೆಗೆ ಎಲ್ಲರೂ ಸೇರಿ ಒಂದು ಕುಣಿತ. ಮೈಸೂರು, ಹಂಪಿಗಳ ಬಗ್ಗೆಯೂ ಇಂಥದೇ ಮಾತು ಆಡುವವರಿದ್ದಾರೆ. ಆದ್ದರಿಂದ ಇದು ಕನ್ನಡ ಓದುಗರಿಗೂ ಸಂಬಂಧಿಸಿದ ವಿಚಾರ. ಪ್ರವಾಸಿಗಾಗಿಯೇ ಕತ್ತರಿಸಿ ಜೋಡಿಸಿದ ಪ್ರದರ್ಶನಕ್ಕೆ ಸಾರ್ವಜನಿಕ ಹಣ ಹಾಕಬಾರದು. ಊರು ತನಗಾಗಿ ನಡೆಸಿಕೊಳ್ಳುತ್ತಿರುವ ಸಂಗೀತ ಕಛೇರಿ, ಕೂತ್ತು ಎಂಬ ಬಯಲಾಟಗಳೊಳಗೆ ಅವನಿಗೂ ಒಂದು ಜಾಗ ಮಾಡಿಕೊಡಬೇಕು ಎಂಬುದು ನನ್ನ ವಾದ.

ಏನೂ ಇಲ್ಲ ಎನ್ನುವ ಮಾತೇ ಮೊದಲು ನಿಲ್ಲುವುದಿಲ್ಲ. 1927ರ ಕಾಂಗ್ರೆಸ್ ಅಧಿವೇಶನದ ಜೊತೆ ಚೆನ್ನೈಯಲ್ಲಿ ನಡೆದ ಸಂಗೀತ ಸಮ್ಮೇಳನದಿಂದ ಮರುವರ್ಷ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಇಂದು ಡಿಸೆಂಬರ್ ನಡುವಿನ ಮಾರ್ಗಳಿ ಮಾಸ ಬಂತೆಂದರೆ ‘ಸಭೆ’ ಎಂದು ಕರೆಯುವ ಹತ್ತಾರು ಸಂಗೀತ ಸಂಸ್ಥೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕಛೇರಿ. ಅನೇಕ ಸಭೆಗಳ ಮಧ್ಯಾಹ್ನದ ಕಛೇರಿಗೆ ಟಿಕೆಟ್ಟೂ ಇಲ್ಲ. ಈ ಪರಂಪರೆಗಾಗಿಯೇ ಯುನೆಸ್ಕೊ 2017ರಲ್ಲಿ ಚೆನ್ನೈಯನ್ನು ಸಂಗೀತದ ಸೃಜನಶೀಲ ನಗರಗಳ ಪಟ್ಟಿಗೆ ಸೇರಿಸಿತು. ಡಿಸೆಂಬರ್ ಮುಗಿದ ಮೇಲೂ ಊರು ಮೌನವಾಗುವುದಿಲ್ಲ. ಮಾರ್ಚ್–ಏಪ್ರಿಲ್ ಹೊತ್ತಿನ ಪಂಗುಣಿ ಉತ್ಸವದಲ್ಲಿ ಮೈಲಾಪುರದ ಕಪಾಲೀಶ್ವರ ದೇವಸ್ಥಾನದ ಬೀದಿಗಳಲ್ಲಿ ನಾಗಸ್ವರ ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಇದ್ಯಾವುದೂ ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದವನಿಗೆ ಗೊತ್ತಾಗುವ ಏರ್ಪಾಡಿಲ್ಲ. ಕೊರತೆ ಇರುವುದು ಮಾಹಿತಿಗೆ, ಕಾರ್ಯಕ್ರಮಕ್ಕಲ್ಲ.

ಇನ್ನು ಪ್ರತ್ಯೇಕ ಪ್ರದರ್ಶನದ ಮೂಲ ದೋಷವೆಂದರೆ, ಅದರ ಪ್ರೇಕ್ಷಕ ಮತ್ತೆ ಬರುವವನಲ್ಲ. ಸಭೆಯಲ್ಲಿ ಮುಂದಿನ ಸಾಲಿನವರು ತೊಡೆಯ ಮೇಲೆ ತಾಳ ಹಾಕುತ್ತ ಕೂತಿರುತ್ತಾರೆ. ಆಲಾಪನೆ ಶುರುವಾಗಿ ಅರೆ ನಿಮಿಷ ಕಳೆಯುವುದರೊಳಗೆ ರಾಗದ ಹೆಸರು ಕಿವಿಯಿಂದ ಕಿವಿಗೆ ದಾಟುತ್ತದೆ. ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನ ಬಂದರೆ ಕೆಲವರು ಎದ್ದು ಕ್ಯಾಂಟೀನಿನತ್ತ ನಡೆದರೆ, ಉಳಿದವರು ಮೃದಂಗದ ಮುಕ್ತಾಯ ಸರಿಯಾದ ಜಾಗಕ್ಕೆ ಬಂದು ಬಿದ್ದಾಗ ‘ಭೇಷ್’ ಎನ್ನುತ್ತಾರೆ. ಕಲಾವಿದರನ್ನು ಎಚ್ಚರದಲ್ಲಿಡುವುದು ಈ ಜನ. ಇಂದು ಚೆನ್ನಾಗಿರದಿದ್ದರೆ ಮುಂದಿನ ವರ್ಷ ಬರುವುದಿಲ್ಲ ಎನ್ನುವ ಹಕ್ಕು ಅವರಿಗಿದೆ. ನಾಳೆ ವಿಮಾನ ಹತ್ತುವ ಪ್ರೇಕ್ಷಕನಿಗೆ ಆ ಹಕ್ಕೂ ಇಲ್ಲ, ಹೋಲಿಸಿ ನೋಡಲು ಬೇರೆ ಕಛೇರಿಯ ನೆನಪೂ ಇಲ್ಲ. ಅವನಿಗಾಗಿಯೇ ನಡೆಯುವ ಪ್ರದರ್ಶನ ಎಷ್ಟು ಸೊರಗಿದರೂ ಚಪ್ಪಾಳೆ ಮಾತ್ರ ತಪ್ಪುವುದಿಲ್ಲ.

ಕಲೆ ಹೊಸ ಪ್ರೇಕ್ಷಕನಿಗಾಗಿ ಯಾವಾಗಲೂ ಬದಲಾಗಿದೆಯಲ್ಲ ಎಂದು ಕೇಳಬಹುದು. ಹೌದು, ಅದಕ್ಕೆ ಚೆನ್ನೈಯ ಅಡ್ಯಾರೇ ಸಾಕ್ಷಿ. 1935ರ ಡಿಸೆಂಬರಿನಲ್ಲಿ ಅಲ್ಲಿನ ಥಿಯೊಸಾಫಿಕಲ್ ಸೊಸೈಟಿಯ ವಜ್ರಮಹೋತ್ಸವದಲ್ಲಿ ರುಕ್ಮಿಣಿ ದೇವಿ ಅರುಂಡೇಲ್ ನರ್ತಿಸಿದಾಗ ಎದುರಿಗೆ ನಾನಾ ದೇಶಗಳ ಪ್ರತಿನಿಧಿಗಳಿದ್ದರು. ಮರುವರ್ಷ ಅವರ ಕಲಾಶಾಲೆ ಕಲಾಕ್ಷೇತ್ರ ಆರಂಭವಾಯಿತು. ವೇಷಭೂಷಣ, ಬೆಳಕು, ರಂಗಸಜ್ಜಿಕೆ ಎಲ್ಲವನ್ನೂ ಅವರು ಬದಲಿಸಿದರು. ಶೃಂಗಾರವನ್ನು ಹಿಂದೆ ಸರಿಸಿದ್ದನ್ನು ಭರತನಾಟ್ಯ ಕಲಾವಿದೆ ಬಾಲಸರಸ್ವತಿ ಒಪ್ಪಲಿಲ್ಲ. ಆ ವಾದ ಇಂದಿಗೂ ನಡೆದಿದೆ, ಏಕೆಂದರೆ ವಾದಿಸಬಲ್ಲ ನೋಡುಗರು ಇದ್ದರು, ಇದ್ದಾರೆ. ರಾಮಾಯಣ ನೃತ್ಯನಾಟಕಗಳಿಗೆ ಸಂಗೀತ ಬೇಕಾದಾಗ ರುಕ್ಮಿಣಿ ದೇವಿ ನೆಚ್ಚಿದ್ದು ತೊಂಬತ್ತರ ಆಸುಪಾಸಿನಲ್ಲಿದ್ದ ನಮ್ಮ ಮೈಸೂರು ವಾಸುದೇವಾಚಾರ್ಯರನ್ನು. 1955ರ ‘ಸೀತಾ ಸ್ವಯಂವರಂ’ನಿಂದ ಮೊದಲಾದ ಆ ಸರಣಿ ಹೊಸದೇ ಆಗಿತ್ತು, ಆದರೆ ಅಗ್ಗದ್ದಾಗಿರಲಿಲ್ಲ. ಗಾಯಕ ಅರಿಯಕುಡಿ ರಾಮಾನುಜ ಅಯ್ಯಂಗಾರ್ ಕಛೇರಿಯ ಕ್ರಮವನ್ನು ಬಿಗಿಗೊಳಿಸಿದ್ದು, ನಮ್ಮ ಕರಾವಳಿಯಲ್ಲಿ ಇಡೀ ರಾತ್ರಿಯ ಯಕ್ಷಗಾನದ ಆಟ ಕಾಲಮಿತಿಗೆ ಇಳಿದದ್ದು ಇಂಥವೇ ಬದಲಾವಣೆಗಳು. ಕಾಲಮಿತಿಯಿಂದ ಏನು ಕಳೆದುಹೋಯಿತು ಎಂದು ಚೌಕಿಯಲ್ಲೂ ಸಭೆಯಲ್ಲೂ ಜಗಳವಾಡುವ ಜನ ಇದ್ದಾರೆ ಎಂಬುದೇ ಕಲೆಗೆ ಕಾವಲು.

ಒಂದೇ ಸಂಜೆ ಕೈಯಲ್ಲಿರುವವನಿಗೆ ಮೂರು ಗಂಟೆಯ ಕಛೇರಿ ಏಕೆ ಎಂಬ ಪ್ರಶ್ನೆಯೂ ಇದೆ. ಪೂರ್ತಿ ಕೂರಬೇಕೆಂದು ಯಾರೂ ಹೇಳುವುದಿಲ್ಲ. ಒಂದು ಕೃತಿ ಮುಗಿದಾಗ ಎದ್ದು ಹೋಗುವುದು ಸಭೆಗೆ ಹೊಸದಲ್ಲ. ಫೋರ್ಟ್ ಕೊಚ್ಚಿಯಲ್ಲಿ ಪ್ರವಾಸಿಗರಿಗಾಗಿ ನಡೆಯುವ ಕಥಕಳಿಯಲ್ಲಿ ಮೆಚ್ಚಬೇಕಾದ ಅಂಶವೂ ಒಂದಿದೆ: ಬಣ್ಣ ಹಚ್ಚುವುದನ್ನು ಎದುರಿಗೇ ತೋರಿಸಿ, ಮುದ್ರೆಗಳನ್ನು ವಿವರಿಸಿ, ಆಮೇಲೆ ಆಟ ಆರಂಭಿಸುತ್ತಾರೆ. ಆ ವಿವರಣೆಯನ್ನು ನಾವು ತೆಗೆದುಕೊಳ್ಳೋಣ; ಅದಕ್ಕೆ ಪ್ರತ್ಯೇಕ ಸಭಾಂಗಣ ಬೇಕಿಲ್ಲ. ಪ್ರವಾಸಿ ಪ್ರದರ್ಶನದಿಂದ ಕಲಾವಿದರಿಗೆ ನಿತ್ಯದ ಸಂಪಾದನೆಯಾದೀತು ಎಂಬ ಮಾತು ಇವೆಲ್ಲಕ್ಕಿಂತ ತೂಕದ್ದು. ಮಧ್ಯಾಹ್ನದ ವೇಳೆಯಲ್ಲಿ ಹಾಡುವ ಎಳೆಯರಿಗೆ ಸಿಗುವ ಸಂಭಾವನೆ ಎಷ್ಟು ಕಡಿಮೆ ಎಂಬುದು ಗುಟ್ಟೇನಲ್ಲ. ಹಾಗಿದ್ದರೆ ಸಭಾಂಗಣ ಕಟ್ಟುವ ಹಣವನ್ನು ನೇರವಾಗಿ ಆ ಸಂಭಾವನೆಗೇ ಕೊಡಲಿ. ಸರ್ಕಾರದ ಸಹಾಯ ಪಡೆಯುವ ಸಭೆ ಪ್ರತಿ ಕಲಾವಿದರಿಗೂ ಪಕ್ಕವಾದ್ಯದವರಿಗೂ ಕನಿಷ್ಠ ಸಂಭಾವನೆ ಕೊಡಬೇಕೆಂಬ ಷರತ್ತು ಹಾಕಲಿ.

ಸಭೆಗಳೇ ಒಂದು ವರ್ಗದವರ ಕೂಟವಾಗಿವೆ, ಅಲ್ಲಿ ಹೊರಗಿನವನಿಗೆ ಮುಜುಗರವಾಗುತ್ತದೆ ಎಂಬ ಟೀಕೆಯಲ್ಲಿ ಹುರುಳಿದೆ. ಆದರೆ ಅದಕ್ಕೂ ಮದ್ದು ಈ ಊರಿನಲ್ಲೇ ಸಿಕ್ಕಿದೆ. ಅಡ್ಯಾರಿಗೆ ಅಂಟಿಕೊಂಡಿರುವ ಮೀನುಗಾರರ ಬಡಾವಣೆ ಊರೂರ್ ಆಲ್ಕಾಟ್ ಕುಪ್ಪಂನಲ್ಲಿ 2015ರಲ್ಲಿ ಗಾಯಕ ಟಿ.ಎಂ. ಕೃಷ್ಣ, ಪರಿಸರ ಹೋರಾಟಗಾರ ನಿತ್ಯಾನಂದ ಜಯರಾಮನ್ ಮತ್ತು ಸಂಗಡಿಗರು ಶುರುಮಾಡಿದ ವಿಳಾದಲ್ಲಿ, ಅಂದರೆ ಉತ್ಸವದಲ್ಲಿ, ಶಾಸ್ತ್ರೀಯ ಸಂಗೀತವೂ ಪರೈ ವಾದ್ಯವೂ ಒಂದೇ ಮರಳಿನ ಮೇಲೆ ಕೇಳಿಬಂದವು. 2007ರಲ್ಲಿ ಆರಂಭವಾಗಿ, ನಡುವೆ ನಿಂತು, 2023ರಲ್ಲಿ ಮತ್ತೆ ಚಿಗುರಿದ ಚೆನ್ನೈ ಸಂಗಮಂ ಉತ್ಸವ ಪೊಂಗಲ್ ಹೊತ್ತಿಗೆ ಜಾನಪದ ತಂಡಗಳನ್ನು ಉದ್ಯಾನ, ಮೈದಾನಗಳಿಗೆ ಕರೆತರುತ್ತದೆ. ಇಂಥ ಕಡೆ ಯಾರು ಪ್ರವಾಸಿ, ಯಾರು ಊರವರು ಎಂದು ಬೇರ್ಪಡಿಸುವ ಟಿಕೆಟ್ ಇಲ್ಲ.

ಆದ್ದರಿಂದ ಬೇಕಾಗಿರುವುದು ಸಣ್ಣ ಕೆಲಸಗಳು. ತಿಂಗಳ ಕಾರ್ಯಕ್ರಮಗಳ ಒಂದೇ ಪಟ್ಟಿ ವಿಮಾನ ನಿಲ್ದಾಣ, ಸೆಂಟ್ರಲ್, ಎಗ್ಮೋರ್ ಮತ್ತು ಮೆಟ್ರೊ ನಿಲ್ದಾಣಗಳಲ್ಲಿ ತಮಿಳು, ಇಂಗ್ಲಿಷ್, ಹಿಂದಿಯ ಜೊತೆ ಕನ್ನಡ, ತೆಲುಗು, ಮಲಯಾಳಗಳಲ್ಲೂ ಸಿಗಲಿ. ಪ್ರತಿ ಸಭೆಯ ಬಾಗಿಲಲ್ಲಿ ಅಂದಿನ ರಾಗ, ಕೃತಿ, ಕಥೆ ತಿಳಿಸುವ ಒಂದು ಹಾಳೆ ಇರಲಿ. ಹಿಂದಿನ ಕೆಲವು ಕುರ್ಚಿಗಳನ್ನು ತಡವಾಗಿ ಬರುವ ಹೊಸಬರಿಗೆ ಬಿಡಲಿ. ಸಭಾಂಗಣ ಕಟ್ಟುವ ಖರ್ಚಿನ ಮುಂದೆ ಇವು ಲೆಕ್ಕಕ್ಕೇ ಬಾರವು. ಇಷ್ಟು ಮಾಡಿ ಒಂದು ವರ್ಷ ನೋಡಲಿ. ಅದಾದ ಮೇಲೂ ಪ್ರವಾಸಿಗರಿಗೆ ನೋಡಲು ಏನೂ ಸಿಗಲಿಲ್ಲವೆಂದರೆ ಹೊಸ ಸಭಾಂಗಣದ ಮಾತು ಎತ್ತಲಿ.

ಇಂತಿ,
ನಿಮ್ಮ ಓದುಗ,
ಅಡ್ಯಾರ್, ಚೆನ್ನೈ