ಹತ್ತು ಎಂಟ್ರಿಯ ಡೆಮೊ ನಂಬಬೇಡಿ

ಲೋ-ಕೋಡ್ ಅಂದ್ರೆ ಎಳೆದು ಬಿಟ್ರೆ ಆಪ್ ರೆಡಿ ಅಂತ ನಂಬಿದ್ದೋನು ನಾನು. ಜಯನಗರದ ಒಂದು ಪ್ರಾವಿಷನ್ ಸ್ಟೋರ್‌ಗೆ ಪವರ್ ಆಪ್ಸ್‌ನಲ್ಲಿ ಸಾಲದ ಲೆಕ್ಕದ ಆಪ್ ಮಾಡಿಕೊಟ್ವಿ. ಡೆಮೊ ದಿನ ಹತ್ತೇ ಎಂಟ್ರಿ, ಎಲ್ಲಾ ಸೂಪರ್. ಮೂರು ತಿಂಗಳಾದ ಮೇಲೆ ಅಂಗಡಿಯವರ ಫೋನ್: "ಏನಪ್ಪಾ, ದಿನಾ ಸಾಲ ಕೊಡ್ತಾನೇ ಇದೀನಿ, ಒಟ್ಟು ಬಾಕಿ ಮಾತ್ರ ಜಪ್ಪಯ್ಯ ಅಂದ್ರೂ ಏರ್ತಿಲ್ಲ!"

ವಿಷಯ ಡೆಲಿಗೇಷನ್‌ದು. ಶೇರ್‌ಪಾಯಿಂಟ್ ಲಿಸ್ಟ್ ಮೇಲೆ 'ಸಮ್' ಹಾಕಿದರೆ ಕೂಡುವ ಕೆಲಸ ಸರ್ವರ್‌ನಲ್ಲಿ ನಡೆಯಲ್ಲ. ಮೊದಲ 500 ಸಾಲು ಫೋನಿಗೆ ಬರುತ್ತೆ, ಅಷ್ಟನ್ನೇ ಕೂಡುತ್ತೆ. ಸೆಟ್ಟಿಂಗ್ಸ್‌ನಲ್ಲಿ 2000ಕ್ಕೆ ಏರಿಸಬಹುದು, ಅದಕ್ಕಿಂತ ಮೇಲಿಲ್ಲ. ಆಪ್ ಕಟ್ಟುವಾಗಲೇ ಹಳದಿ ತ್ರಿಕೋನ ಎಚ್ಚರಿಸಿತ್ತು. ನಾವೇ ಕ್ಯಾರೇ ಅನ್ನಲಿಲ್ಲ.

ಆಮೇಲೆ ಗಿರಾಕಿಗೊಂದು ಸಾಲಿನ ಬೇರೆ ಲಿಸ್ಟ್ ಮಾಡಿ, ಪ್ರತಿ ಎಂಟ್ರಿಗೂ ಅವರ ಬಾಕಿ ಅಲ್ಲೇ ಬದಲಾಗೋ ಹಾಗೆ ಮಾಡಿದ್ವಿ. ಗಿರಾಕಿಗಳು ಇನ್ನೂರು ದಾಟಲ್ಲ, ಹಾಗಾಗಿ ಈಗ ಲೆಕ್ಕ ಸರಿ. (ಇದು ಡಿಬಿಎಂಎಸ್ ಕ್ಲಾಸಲ್ಲಿ ನಿದ್ದೆ ಮಾಡಿದ ಪಾಠವೇ.)

ನನ್ನ ಪ್ರಕಾರ ಪ್ರಾಜೆಕ್ಟ್ ಡೆಮೊಗೆ ಕನಿಷ್ಠ 600 ಡಮ್ಮಿ ಎಂಟ್ರಿ ಕಡ್ಡಾಯ ಆಗಬೇಕು. ನಮ್ಮ ತಪ್ಪು ಹಿಡಿದಿದ್ದು ಟೆಸ್ಟಿಂಗ್ ಅಲ್ಲ, ಅಂಗಡಿಯವರು ನಮ್ಮನ್ನ ಪೂರ್ತಿ ನಂಬದೆ ಬರೀತಾ ಇದ್ದ ಹಳೇ ಲೆಕ್ಕದ ಪುಸ್ತಕ.