ಗ್ಯಾಂಗಿನ ಹುಡುಗಿಯರೂ ಮದ್ಯಪಾನವೂ

ಕುಡಿತ ಕೆಟ್ಟದ್ದೆಂದು ಹೇಳುವುದಕ್ಕೆ ಹೆಚ್ಚಿನ ವಿದ್ಯೆಯೇನೂ ಬೇಕಾಗಿಲ್ಲ. ಆದರೆ ಹದಿನಾರು ಹದಿನೇಳರ ಹುಡುಗಿಯೊಬ್ಬಳು ಏಕೆ ಕುಡಿಯುತ್ತಾಳೆಂಬುದನ್ನು ಅರಿಯಲು ವಿದ್ಯೆಯ ಜತೆಗೆ ತಾಳ್ಮೆಯೂ ಬೇಕು. ಅಮೆರಿಕೆಯ ಮಹಾನಗರಗಳಲ್ಲಿ ಪುಂಡರ ಗ್ಯಾಂಗುಗಳನ್ನು ಸೇರಿದ ಹುಡುಗಿಯರ ವಿಷಯದಲ್ಲಿ ಈ ತಾಳ್ಮೆಯನ್ನು ವಿದ್ವಾಂಸರೂ ಬಹುಕಾಲ ತೋರಲಿಲ್ಲ.

1927ರಲ್ಲಿ ಫ್ರೆಡರಿಕ್ ಥ್ರಾಷರ್ ಅವರು ಷಿಕಾಗೋ ನಗರದ 1,313 ಗ್ಯಾಂಗುಗಳನ್ನು ಕುರಿತು ಗ್ರಂಥ ಬರೆದರು. ಅದರಲ್ಲಿ ಹುಡುಗಿಯರಿಗೆ ದೊರೆತ ಸ್ಥಳ ಅತ್ಯಲ್ಪ. 1984ರಲ್ಲಿ ಆನ್ ಕ್ಯಾಂಪ್‌ಬೆಲ್ ಅವರು ನ್ಯೂಯಾರ್ಕಿನ ಗ್ಯಾಂಗುಗಳ ಹೆಣ್ಣುಮಕ್ಕಳ ಬಾಳನ್ನು ಹತ್ತಿರದಿಂದ ಕಂಡು ಬರೆದರು. ಮುಂದೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೆಫ್ರಿ ಹಂಟ್, ಕರೆನ್ ಜೋ ಲೇಡ್ಲರ್ ಮೊದಲಾದವರು ಇಂತಹ ಹುಡುಗಿಯರನ್ನೇ ಮಾತನಾಡಿಸಿ, 2000ರಲ್ಲಿ ಅವರ ಕುಡಿತವನ್ನು ಕುರಿತೇ ಲೇಖನವೊಂದನ್ನು ಪ್ರಕಟಿಸಿದರು.

ಇವರ ದಿನಗಳು ಹೊಡೆದಾಟದಲ್ಲಿ ಕಳೆಯುವುದಕ್ಕಿಂತ ಸುಮ್ಮನೆ ಕುಳಿತು ಹರಟುವುದರಲ್ಲಿ ಕಳೆಯುವುದೇ ಹೆಚ್ಚು. ಬಾಟಲಿ ಕೈಯಿಂದ ಕೈಗೆ ದಾಟುತ್ತದೆ. ಅದನ್ನು ಹಂಚಿಕೊಂಡವಳು ‘ನಮ್ಮವಳು’ ಆಗುತ್ತಾಳೆ. ಮನೆಯಲ್ಲಿ ಕುಡಿದು ಹೊಡೆಯುವ ಹಿರಿಯರನ್ನು ಕಂಡು ಬೀದಿಗೆ ಬಂದವಳಿಗೆ ಈ ಒಂದು ಮಾತು ಎಷ್ಟು ದೊಡ್ಡದೆಂಬುದನ್ನು ನಾವು ಊಹಿಸಬಹುದು. ಆದರೆ ಅಲ್ಲಿ 1984ರ ಕಾನೂನಿನ ಫಲವಾಗಿ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಆದುದರಿಂದ ಇವರು ಕುಡಿಯುವುದು ಉದ್ಯಾನದ ಮೂಲೆಯಲ್ಲಿ, ಯಾರದೋ ಮನೆಯಲ್ಲಿ. ಅಂದರೆ, ಕೂಗಿದರೆ ಯಾರೂ ಬಾರದ ಕಡೆಯಲ್ಲಿ.

ಅಪಾಯವಿರುವುದು ಇಲ್ಲಿಯೇ. ಕುಡಿದ ಹುಡುಗನನ್ನು ಜೊತೆಯವರು ಗಂಡಸೆಂದು ಮೆಚ್ಚುತ್ತಾರೆ. ಕುಡಿದು ಮೈಮರೆತ ಹುಡುಗಿಯ ಮಾನ ಹೋಯಿತೆನ್ನುತ್ತಾರೆ. ಅವಳ ಮೇಲೆ ಅತ್ಯಾಚಾರ ನಡೆದರೆ ತಪ್ಪನ್ನೂ ಅವಳ ತಲೆಗೇ ಕಟ್ಟುತ್ತಾರೆ. ಈ ಕಾರಣದಿಂದ ಹುಡುಗಿಯರು ಒಬ್ಬರ ಮೇಲೊಬ್ಬರು ಕಣ್ಣಿಟ್ಟು, ಮಿತಿಮೀರಿದವಳನ್ನು ಕಾಯುತ್ತಾರೆ. ಕಾನೂನೂ ಕುಟುಂಬವೂ ಕೊಡದಿದ್ದ ರಕ್ಷಣೆಯನ್ನು ಅವರು ತಮ್ಮೊಳಗೇ ಮಾಡಿಕೊಂಡಿದ್ದಾರೆ.

ಇದು ಕುಡಿತದ ಸಮರ್ಥನೆಯಲ್ಲವೆ ಎಂದು ಕೆಲವರು ಕೇಳಬಹುದು. ಅಲ್ಲ. ಕುಡಿತದ ಅಮಲಿನಲ್ಲಿ ಸ್ನೇಹಿತೆಯರೇ ಬಡಿದಾಡಿ ಗಾಯಗೊಳ್ಳುವುದೂ ಉಂಟು. ನನ್ನ ವಾದವಿಷ್ಟೆ: ಬಾಟಲಿಯನ್ನು ಕಸಿದುಕೊಂಡರೆ ಅದರ ಜತೆಗಿದ್ದ ಆಸರೆಯೂ ಹೋಗುತ್ತದೆ. ಅದಕ್ಕೆ ಬದಲಾಗಿ ಭಯವಿಲ್ಲದೆ ಕುಳಿತು ಮಾತನಾಡುವ ಒಂದು ಸ್ಥಳವನ್ನೂ ಅವರ ಮಾತನ್ನು ಕೇಳುವ ಹಿರಿಯರನ್ನೂ ಒದಗಿಸದೆ ಮಾಡುವ ಬೋಧನೆ ನಿಷ್ಫಲ.

ಒಂದೇ ನಡತೆಗೆ ಹುಡುಗನಿಗೊಂದು ಅಳತೆ, ಹುಡುಗಿಗೊಂದು ಅಳತೆ ಹಿಡಿಯುವುದು ಅಮೆರಿಕೆಯ ಬೀದಿಗಳಿಗೆ ಮಾತ್ರ ಸೇರಿದ ದೋಷವೆ? ವಿದ್ಯಾವಂತರೆನಿಸಿಕೊಳ್ಳಲಿರುವ ನಾವು ಮೊದಲು ಆ ಅಳತೆಗೋಲನ್ನು ಕೆಳಗಿಡುವುದು ಒಳ್ಳೆಯದು.